ಸೋಲುವುದಕ್ಕೆ ಸಂಬಳ

ಹೋದ ವಾರ ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ಕೂತಿದ್ದೆ. ಎದುರಿಗಿದ್ದ ಮೊಮ್ಮಗನ ಮೊಬೈಲಿನಿಂದ ‘ಟಕ್’ ಎಂದು ಒಂದು ಸದ್ದು ಬಂತು. ಅದರ ಬೆನ್ನಿಗೇ ಇನ್ನೊಂದು ‘ಟಕ್’, ಆಮೇಲೆ ಚೀಲದೊಳಗೆ ಏನೋ ಬಿದ್ದ ಮೆತ್ತನೆಯ ಸದ್ದು. ತುತ್ತು ಕೈಯಲ್ಲೇ ಉಳಿಯಿತು. “ಏನೋ ಅದು?” ಅಂದೆ. “ಸ್ನೂಕರ್ ಅಜ್ಜಾ. ಈ ಮುದುಕ ಮೂವತ್ತ ವರ್ಷದಿಂದ ಆಡಾಕತ್ತಾನ. ಆ ಹುಡುಗ ಈಗ ಮ್ಯಾಲೆ ಬರಾಕತ್ತಾನ. ಇಬ್ರೂ ಪ್ರೊಫೆಷನಲ್” ಅಂದ. ಮೊಬೈಲಿನೊಳಗೆ ಆಟದ ವಿವರಣೆ ಕೊಡುವವನಂತೂ ಮುದುಕನ ಅನುಭವವನ್ನೂ ಹುಡುಗನ ಧೈರ್ಯವನ್ನೂ ಹೊಗಳಿ ಹೊಗಳಿ ಸುಸ್ತಾಗಿದ್ದ. “ನಾನೂ ಒಂದು ಕಾಲಕ್ಕ ಹಂಗ ಮ್ಯಾಲೆ ಬರತಿದ್ದಾವಪಾ” ಅಂದೆ. ಮೊಮ್ಮಗ ನನ್ನ ಮುಖ ನೋಡಿದ, ನನ್ನ ಹೊಟ್ಟೆ ನೋಡಿದ, ಒಳ್ಳೆಯ ಹುಡುಗ, ಮತ್ತೆ ಮೊಬೈಲು ನೋಡಿದ.

ನೀವೂ ನಂಬುವುದಿಲ್ಲ, ಗೊತ್ತು. ಬಿಜಾಪುರ ಅಂದರೆ ನಿಮ್ಮ ಕಣ್ಣಿಗೆ ಬರುವುದು ಗುಮ್ಮಟ, ಬಿಸಿಲು, ಶೇಂಗಾ ಹಿಂಡಿ. ಆದರೆ ಎಪ್ಪತ್ತರ ದಶಕದಲ್ಲಿ ಊರಲ್ಲಿ ಒಂದು ಕ್ಲಬ್ಬಿತ್ತು, ಕ್ಲಬ್ಬಿನಲ್ಲಿ ಒಂದು ಸ್ನೂಕರ್ ಟೇಬಲ್ಲಿತ್ತು. ಹೆಸರು ಹೇಳುವುದಿಲ್ಲ, ಆ ಕ್ಲಬ್ಬಿನವರು ಇನ್ನೂ ನನ್ನನ್ನು ಚಹಾಕ್ಕೆ ಕರೆಯುತ್ತಾರೆ. ಯಾವನೋ ಬಿಳಿ ಸಾಹೇಬ ತರಿಸಿ, ಮರಳಿ ಒಯ್ಯಲಾರದೆ ಬಿಟ್ಟುಹೋದ ಟೇಬಲ್ಲದು. ಹಸಿರು ಬಟ್ಟೆಗೆ ಅಲ್ಲಲ್ಲಿ ರಫೂ ಮಾಡಿಸಿದ್ದರು. ಮೂಲೆಗೊಂದು, ನಡುವೆ ಎರಡು, ಒಟ್ಟು ಆರು ಜಾಳಿಗೆಯ ಪಾಕೆಟ್ಟು. ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಬಿಳಿ ಚೆಂಡಿಗೆ ಕೋಲಿನಿಂದ ಹೊಡೆದು ಒಂದು ಕೆಂಪು ಚೆಂಡನ್ನು ಪಾಕೆಟ್ಟಿಗೆ ಕೆಡವಿದರೆ ಒಂದು ಅಂಕ, ಆಮೇಲೆ ಬಣ್ಣದ್ದೊಂದನ್ನು ಕೆಡವಬಹುದು, ಕರಿಯದಕ್ಕೆ ಏಳು, ಅದೇ ದೊಡ್ಡದು, ಬಿದ್ದ ಬಣ್ಣದ್ದನ್ನು ತೆಗೆದು ಮತ್ತೆ ಟೇಬಲ್ಲಿಗಿಡುತ್ತಾರೆ. ತಪ್ಪುವ ತನಕ ಆಡುತ್ತಲೇ ಇರಬಹುದು. ನಮ್ಮ ಕ್ಲಬ್ಬಿನಲ್ಲಿ ಯಾರೂ ಬಹಳ ಹೊತ್ತು ಆಡುತ್ತಿರಲಿಲ್ಲ.

ಈ ಕ್ಲಬ್ಬಿನ ಸೆಕ್ರೆಟರಿ ಮತ್ತು ಖಾಯಂ ಚಾಂಪಿಯನ್ನು ಇನಾಮದಾರ ವಕೀಲರು. ನಾನು ಅವರ ಜೂನಿಯರು. ನಮ್ಮ ಹಳ್ಳಿ ಘೋಣಸಗಿಯ ಹೊಲ ಅಣ್ಣನಿಗೆ ಬಿಟ್ಟು, ಕರಿ ಕೋಟು ಹೊಲಿಸಿಕೊಂಡು ಊರಿಗೆ ಬಂದ ಇಪ್ಪತ್ನಾಲ್ಕರ ಪ್ರಾಯದವನು. ಬೆಳಿಗ್ಗೆ ಕೋರ್ಟಿಗೆ ಅವರ ಫೈಲು ಹೊರುವುದು, ಸಂಜೆ ಕ್ಲಬ್ಬಿಗೆ ಅವರ ಎಲೆ ಅಡಿಕೆ ಡಬ್ಬಿ ಹೊರುವುದು, ಇದು ನನ್ನ ವಕೀಲಿ. ಒಂದು ವರ್ಷ ಹೀಗೆ ಹೊತ್ತ ಮೇಲೆ ಅವರೇ ದಯೆ ತೋರಿ ನನ್ನನ್ನೂ ಸದಸ್ಯನನ್ನಾಗಿ ಮಾಡಿದರು. ಡಬ್ಬಿ ಮಾತ್ರ ನಾನೇ ಹೊರುತ್ತಿದ್ದೆ.

ವಕೀಲರು ಆಡುವುದನ್ನು ನೀವು ನೋಡಬೇಕಾಗಿತ್ತು. ಒಂದೊಂದು ಹೊಡೆತಕ್ಕೂ ಮೊದಲು ಟೇಬಲ್ಲಿಗೆ ಪೂರ್ತಿ ಪ್ರದಕ್ಷಿಣೆ ಹಾಕುತ್ತಿದ್ದರು. ಕನ್ನಡಕ ಹಣೆಗೇರಿಸಿ ಒಂದು ಕಣ್ಣು ಮುಚ್ಚಿ “ನೋಡ್ರಿ ಈಗ” ಅನ್ನುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. ಚೆಂಡು ಪಾಕೆಟ್ಟಿನ ಬಾಯಿಗೆ ಹೋಗಿ, ಒಳಗೆ ಬೀಳಲೋ ಬೇಡವೋ ಎಂದು ಯೋಚಿಸಿ, ಹೊರಗೇ ನಿಲ್ಲುತ್ತಿತ್ತು. ಆಗ ಅವರು ಕೋಲಿನ ತುದಿ ನೋಡುವರು, ಬಟ್ಟೆ ಸವರುವರು, ಮೇಲಿನ ದೀಪವನ್ನೂ ಒಮ್ಮೆ ಗದರಿಸುವ ಹಾಗೆ ನೋಡುವರು. ತಮ್ಮ ಕೈಯನ್ನು ಮಾತ್ರ ಎಂದೂ ನೋಡಿಕೊಂಡವರಲ್ಲ. ಅಷ್ಟಾದರೂ ಆಟ ಮುಗಿಯುವ ಹೊತ್ತಿಗೆ ಅವರೇ ಗೆದ್ದಿರುತ್ತಿದ್ದರು. ಹೇಗೆ ಎಂದರೆ ದಸ್ತಗೀರನ ವಿಷಯ ಹೇಳಬೇಕು.

ದಸ್ತಗೀರ ಆ ಕ್ಲಬ್ಬಿನ ಮಾರ್ಕರು. ಐವತ್ತರ ಆಸುಪಾಸು, ಬಡಕಲು ಮೈ, ಮೆಹಂದಿ ಹಚ್ಚಿದ ಗಡ್ಡ, ಕ್ಲಬ್ಬು ಕೊಟ್ಟ ಬಿಳಿ ಕೋಟು. ಮನೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿಗೆ. ಮಾರ್ಕರ್ ಅಂದರೆ ಗೋಡೆಯ ಹಲಗೆಯ ಮೇಲೆ ಅಂಕದ ಮುಳ್ಳು ಸರಿಸುವವನು, ಅಂಕಗಳನ್ನು ಗಟ್ಟಿಯಾಗಿ ಕೂಗುವವನು, ಬಟ್ಟೆ ಬ್ರಶ್ಶಿನಿಂದ ತಿಕ್ಕುವವನು, ಮತ್ತು ಯಾರಿಗಾದರೂ ಜೊತೆ ಸಿಗದಿದ್ದರೆ ಅವರೊಂದಿಗೆ ಆಡಿ ಸೋಲುವವನು. ಈ ಕೊನೆಯ ಕೆಲಸ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆದರೆ ಅವನಿಗೆ ಕೊಡುತ್ತಿದ್ದ ಸಂಬಳದ ಬಹುಪಾಲು ಇದಕ್ಕೇ ಇತ್ತು.

ಅದೇನು ಸೋಲು ಅಂತೀರಿ! ಸುಮ್ಮನೆ ಸೋಲುವುದು ಯಾರಿಗೂ ಬರುತ್ತದೆ, ನನಗೂ ಬರುತ್ತದೆ. ದಸ್ತಗೀರ ಪ್ರತಿಯೊಬ್ಬರಿಗೂ ಅವರವರ ಮಾನಕ್ಕೆ ತಕ್ಕಂತೆ ಸೋಲುತ್ತಿದ್ದ. ದೊಡ್ಡ ಅಧಿಕಾರಿಗೆ ಇಪ್ಪತ್ತು ಅಂಕದಿಂದ, ಹೊಸದಾಗಿ ವರ್ಗವಾಗಿ ಬಂದ ಸಣ್ಣ ಅಧಿಕಾರಿಗೆ ಹತ್ತರಿಂದ. ವಕೀಲರಿಗೆ ಬಹಳ ಸಲ ನಾಲ್ಕೋ ಐದೋ. ಯಾಕೆಂದರೆ ಕೊನೆಯ ಚೆಂಡಿನ ತನಕ ಉಸಿರು ಬಿಗಿಹಿಡಿದು ಗೆದ್ದರೆ ಅವರಿಗೆ ರಾತ್ರಿ ಊಟ ರುಚಿಸುತ್ತಿತ್ತು. ತಾನು ತಪ್ಪಿದ ಚೆಂಡು ಹೋಗಿ ಪಾಕೆಟ್ಟಿನ ಬಾಯಲ್ಲೇ ಕೂಡುವಂತೆ ತಪ್ಪುತ್ತಿದ್ದ. ಎದುರಿನವರು ಉಸಿರು ಬಿಟ್ಟರೆ ಸಾಕು, ಒಳಗೆ ಬೀಳಬೇಕು. ಬಿದ್ದ ಕೂಡಲೇ ಇವನದೇ ದನಿ ಏರುತ್ತಿತ್ತು: “ಅಬ್ಬಾ! ಸಾಹೇಬ್ರ ಕೈಯಾಗ ಜಾದೂ ಐತ್ರಿ.”

ಅವನಿಗೆ ನಿಜವಾಗಿ ಮೈಮುರಿದು ಕೆಲಸ ಮಾಡಬೇಕಾಗುತ್ತಿದ್ದುದು ಬಬಲೇಶ್ವರದ ಗೌಡರು ಬಂದ ದಿನ. ಗೌಡರು ಕಮಿಟಿಯ ಮೆಂಬರು. ವಾರಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದರು. ಸ್ನೂಕರ್ ಕೋಲನ್ನು ಬಾರಕೋಲಿನ ಹಾಗೆ ಹಿಡಿದು, ಎತ್ತಿಗೆ ತಿವಿದಂತೆ ಚೆಂಡಿಗೆ ತಿವಿಯುತ್ತಿದ್ದರು. ಚೆಂಡು ಟೇಬಲ್ಲು ಬಿಟ್ಟು ನೆಲಕ್ಕೆ ಹಾರಿ ಬಾಗಿಲ ತನಕ ಉರುಳುತ್ತಿತ್ತು. ಅಂಥವರಿಗೂ ಸೋಲಬೇಕೆಂದರೆ ಎಂಥ ಆಟಗಾರನಾಗಿರಬೇಕು, ನೀವೇ ಲೆಕ್ಕ ಹಾಕಿ. ಗೌಡರು ಮಾತ್ರ ಗೆದ್ದ ಮೇಲೆ ನಕ್ಕುಬಿಡುತ್ತಿದ್ದರು. “ಏ ದಸ್ತಗೀರ, ನನ್ನ ಗೆಲಸಬೇಕಾದ್ರ ನಿನಗ ಬೆವರ ಬಂತಲ್ಲೋ!” ಅನ್ನುತ್ತಿದ್ದರು. ಇಡೀ ಕ್ಲಬ್ಬಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಉಳಿದ ನಾವೆಲ್ಲ ಓದಿದವರು.

ಇನ್ನೊಂದು ತಮಾಷೆ ಕೇಳಿ. ಇಂಗ್ಲಿಷರ ಕಾಲದ ನಿಯಮದ ಪುಸ್ತಕವೊಂದಿತ್ತು. ಅದರ ಪ್ರಕಾರ ದುಡ್ಡು ಕೊಟ್ಟು ಆಡುವ ನಾವೆಲ್ಲ ಅಮೆಚ್ಯೂರ್, ಅಂದರೆ ಮರ್ಯಾದಸ್ಥರು. ಸಂಬಳ ತೆಗೆದುಕೊಂಡು ಆಡುವ ಮಾರ್ಕರು ಪ್ರೊಫೆಷನಲ್. ಪ್ರೊಫೆಷನಲ್ಲು ಯಾವ ಪಂದ್ಯಕ್ಕೂ ನಿಲ್ಲುವ ಹಾಗಿಲ್ಲ. ಹೀಗಾಗಿ ಜಿಲ್ಲೆಗೆಲ್ಲ ಇದ್ದ ಒಬ್ಬನೇ ಪ್ರೊಫೆಷನಲ್ ಸ್ನೂಕರ್ ಆಟಗಾರನಿಗೆ ಆಡುವ ಹಕ್ಕಿರಲಿಲ್ಲ. ನನ್ನ ಮೊಮ್ಮಗ ಆ ಶಬ್ದವನ್ನು ಅಷ್ಟು ಗೌರವದಿಂದ ಹೇಳಿದಾಗ ನನಗೆ ಸುಮ್ಮನಿರಲು ಆಗದ್ದು ಅದಕ್ಕೇ.

ನಾನು ಆಟ ಕಲಿತದ್ದು ದಸ್ತಗೀರನಿಂದ. ಕೋರ್ಟಿಗೆ ಬೇಸಿಗೆ ರಜೆ ಬಿದ್ದಿತ್ತು. ಮಧ್ಯಾಹ್ನ ಎರಡರ ಬಿಸಿಲಿಗೆ ಕ್ಲಬ್ಬಿನಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ನನ್ನ ಬಾಡಿಗೆ ಕೋಣೆಯ ತಗಡಿನ ಮಾಳಿಗೆ ಕಾದು ರೊಟ್ಟಿ ಹಂಚಾಗಿ, ನೆರಳು ಹುಡುಕಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಅವನು ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟು ನೀರು ಚಿಮುಕಿಸಿ, ಒಬ್ಬನೇ ಆಡುತ್ತಿರುತ್ತಿದ್ದ. ಮೊದಲ ದಿನ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಚೆಂಡುಗಳು ಹೇಳಿದ ಮಾತು ಕೇಳುತ್ತಿದ್ದವು. ಕೆಂಪು ಒಳಗೆ ಹೋದರೆ ಬಿಳಿಯದು ತಾನಾಗಿ ಬಂದು ಕರಿಯದರ ಹಿಂದೆ ನಿಲ್ಲುತ್ತಿತ್ತು, ಕರಿಯದು ಒಳಗೆ ಹೋದರೆ ಮುಂದಿನ ಕೆಂಪಿನ ಹಿಂದೆ. ನನ್ನನ್ನು ಕಂಡವನೇ ಬೇಕೆಂದೇ ಒಂದು ತಪ್ಪಿದ. “ಚಾಚಾ, ನನ್ನ ಮುಂದ ಬ್ಯಾಡ. ನಾ ಯಾರಿಗೂ ಹೇಳಂಗಿಲ್ಲ. ನನಗೂ ಕಲಸು” ಅಂದೆ. ಅವನು ಇನ್ನೊಂದು ಕೋಲು ತಂದು ನನ್ನ ಕೈಗಿಟ್ಟ. “ಅಂದ್ರ ಮೈಮ್ಯಾಲಿನ ಕೋಟ ತಗೀ. ಮಧ್ಯಾಹ್ನ ನೀ ಸಾಹೇಬ ಅಲ್ಲ” ಅಂದ.

ಅಲ್ಲಿಂದ ಎರಡು ಬೇಸಿಗೆ ಮಧ್ಯಾಹ್ನದ ಶಾಲೆ ನಡೆಯಿತು. ಎಷ್ಟು ಬೈಯುತ್ತಿದ್ದ! “ಲೇ, ಕೋಲು ಹಿಡದೀಯೋ ಬಡಿಗಿ ಹಿಡದೀಯೋ?” “ಭುಜಾ ಯಾಕ ಕುಣಿಸ್ತೀ, ಬ್ಯಾಂಡ ಬಾರಸಾಕತ್ತೀಯೇನು?” “ಯಪ್ಪಾ, ಚೆಂಡ ಹ್ವಾದ ಮ್ಯಾಲೂ ತಲಿ ಎತ್ತಬಾರದೋ. ನೀ ನೋಡಿದ್ರ ಅದೇನ ದಾರಿ ಬದಲಸ್ತೈತೇನು?” ಮೊದಮೊದಲು ನನ್ನನ್ನು ನೂರರಿಂದ ಸೋಲಿಸುತ್ತಿದ್ದ, ಎರಡನೆಯ ಬೇಸಿಗೆಗೆ ಎಪ್ಪತ್ತಕ್ಕೆ ಇಳಿಸಿದ. ಒಂದು ಅಂಕವನ್ನೂ ಪುಕ್ಕಟೆ ಬಿಟ್ಟವನಲ್ಲ. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಅಷ್ಟು ಗೌರವಿಸಲಿಲ್ಲ ಅಂತ ಈಗ ಅನಿಸುತ್ತದೆ. ಆಗ ಅನಿಸಿರಲಿಲ್ಲ.

ಸಂಜೆ ಮಾತ್ರ ಎಲ್ಲ ತಿರುಗುಮುರುಗು. ದೀಪ ಹತ್ತಿ ಸಾಹೇಬರು ಬಂದು ಕೂತ ಮೇಲೆ ಅವನು ನನಗೆ “ಬರ್ರಿ ಸಾಹೇಬ್ರ” ಅನ್ನುವನು, ನಾನು ಅವನಿಗೆ “ದಸ್ತಗೀರ, ಚಾಕ್ ಕೊಡು” ಅನ್ನುವೆ. ಚಾಚಾ ಅನ್ನಲು ಬಾಯಿ ಬರುತ್ತಿರಲಿಲ್ಲ. ಎಲ್ಲರೆದುರು ಆಡಿದರೆ ನನಗೆ ಆರೇಳು ಅಂಕದಿಂದ ಸೋಲುವನು. ಮಜಾ ಏನು ಗೊತ್ತೇ? ಮಧ್ಯಾಹ್ನ ಎಪ್ಪತ್ತರಿಂದ ಸೋತವನು ಸಂಜೆ ಏಳರಿಂದ ಗೆದ್ದಾಗ ನಾನು ಆ ಗೆಲುವನ್ನು ನಂಬುತ್ತಿದ್ದೆ! ಮಧ್ಯಾಹ್ನದ್ದು ಬರೀ ಅಭ್ಯಾಸ, ಸಂಜೆಯದೇ ಯೋಗ್ಯತೆ ಅಂದುಕೊಂಡಿದ್ದೆ. ನಾಲ್ಕು ಜನ ಬೆನ್ನು ತಟ್ಟಿದರೆ ಬುದ್ಧಿ ಎಷ್ಟು ಬೇಗ ಕೈಬಿಟ್ಟುಹೋಗುತ್ತದೆ ಎನ್ನುವುದಕ್ಕೆ ನನ್ನನ್ನೇ ನೋಡಿ. “ಹುಡುಗ ಮ್ಯಾಲೆ ಬರಾಕತ್ತಾನ್ರಿ” ಎಂದು ಕ್ಲಬ್ಬಿನಲ್ಲಿ ಮಾತು ಹುಟ್ಟಿತು. ಇನಾಮದಾರ ವಕೀಲರು ಅದನ್ನು ಕೇಳಿ ಎಲೆಗೆ ಸುಣ್ಣ ಸ್ವಲ್ಪ ಹೆಚ್ಚೇ ಹಚ್ಚಿದರು.

ಪ್ರತಿವರ್ಷ ದೀಪಾವಳಿ ಆದ ಮೇಲೆ ಸೊಲ್ಲಾಪುರದ ಆಟಗಾರರ ಜೊತೆ ಒಂದು ಪಂದ್ಯ ನಡೆಯುತ್ತಿತ್ತು. ನಮ್ಮ ಕಡೆಯಿಂದ ಒಬ್ಬರು ಹೋಗಬೇಕು. ಹೋಗುವವರು ಯಾರು? ನಮ್ಮಲ್ಲಿ ಒಂದು ಪದ್ಧತಿಯಿತ್ತು, ಇಂಥದ್ದು ಜಗತ್ತಿನ ಬೇರೆಲ್ಲೂ ಇರಲಿಕ್ಕಿಲ್ಲ. ಇಬ್ಬರು ಸದಸ್ಯರು ಎದುರುಬದುರು ಆಡಿ ಒಬ್ಬರು ಸೋತರೆ ಮನಸ್ತಾಪವಾಗುತ್ತದಲ್ಲ, ನಾಳೆ ಮದುವೆ ಮುಂಜಿಯಲ್ಲಿ ಮುಖ ನೋಡಬೇಕಲ್ಲ. ಅದಕ್ಕೆ ಇಬ್ಬರೂ ಬೇರೆ ಬೇರೆಯಾಗಿ ಮಾರ್ಕರನ ಜೊತೆ ಆಡುವುದು. ಅವನನ್ನು ಯಾರು ಹೆಚ್ಚು ಅಂಕಗಳಿಂದ ಸೋಲಿಸುತ್ತಾರೋ ಅವರು ಸೊಲ್ಲಾಪುರಕ್ಕೆ. ಬಾಗುವುದಕ್ಕೇ ಸಂಬಳ ತಿನ್ನುವ ಗಜಕಡ್ಡಿಯಿಂದ ನಾವು ನಮ್ಮ ಎತ್ತರ ಅಳೆದುಕೊಳ್ಳುತ್ತಿದ್ದೆವು. ವಕೀಲರು, ಡಾಕ್ಟರು, ಅಧಿಕಾರಿಗಳು, ಇಷ್ಟು ಜನ ಓದಿದವರಲ್ಲಿ ಒಬ್ಬರಿಗಾದರೂ ಇದು ಹುಚ್ಚು ಅನ್ನಿಸಿರಲಿಲ್ಲ. ಬಹಳ ವರ್ಷ ವಕೀಲರೊಬ್ಬರೇ ಹೆಸರು ಕೊಡುತ್ತಿದ್ದುದರಿಂದ ತೊಂದರೆಯೂ ಆಗಿರಲಿಲ್ಲ. ಆ ವರ್ಷ ನಾನೂ ಹೆಸರು ಕೊಟ್ಟೆ.

ಈ ಆಯ್ಕೆಯ ಆಟಕ್ಕೆ ಮೂರು ದಿನ ಮೊದಲು ವಕೀಲರು ಆಫೀಸಿನಲ್ಲಿ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು. “ದಸ್ತಗೀರಗ ಹೋಗಿ ಹೇಳು. ಆದಿತ್ಯವಾರ ಬರೇ ನಾಕು ಐದು ಸಾಲಂಗಿಲ್ಲ. ಮೂವತ್ತರ ಮ್ಯಾಲೆ ಇರಲಿ.” ಅವರ ಎದುರಾಳಿ ನಾನೇ ಎನ್ನುವುದು ಅವರ ತಲೆಗೆ ಬರಲೇ ಇಲ್ಲ, ಬಂದಿದ್ದರೂ ಜೂನಿಯರ್ ಎನ್ನುವವನು ಹೇಳಿದ್ದನ್ನು ಹೊರುವುದಕ್ಕೇ ಇರುವವನು. ನಾನು ಹೊತ್ತೆ. ಮಧ್ಯಾಹ್ನ ಹೋಗಿ ದಸ್ತಗೀರನಿಗೆ ಅಕ್ಷರ ಬಿಡದೆ ಹೇಳಿದೆ. ಹೇಳಿ, ಕೋಲಿನ ತುದಿಗೆ ಚಾಕ್ ತಿಕ್ಕುತ್ತ, “ಮತ್ತ ನನಗ ನಲವತ್ತು ಇರಲಿ ಚಾಚಾ” ಅಂದುಬಿಟ್ಟೆ.

ಅವನು ಬ್ರಶ್ಶಿನಿಂದ ಟೇಬಲ್ ತಿಕ್ಕುತ್ತಿದ್ದ. ನಿಲ್ಲಿಸಿದ. ಮೊದಲು ನಕ್ಕ. “ಲೇ, ನೀನೂ?” ಅಂದ. ನಾನು ಸೊಲ್ಲಾಪುರದ ವಿಷಯ ಹೇಳಿದೆ, ಇದೊಂದು ಸಲ ಅಂದೆ, ಮುಂದೆ ವಕೀಲಿಯಲ್ಲೂ ಹೆಸರಾಗುತ್ತದೆ ಅಂದೆ. ಎಲ್ಲ ಕೇಳಿಸಿಕೊಂಡ. “ಅವರಿಗೆ ಮೂವತ್ತು, ನಿನಗ ನಲವತ್ತು. ಆತು” ಅಂದ. ಮತ್ತೆ ತಿಕ್ಕತೊಡಗಿದ. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದ: “ಮತ್ತ ನನಗ ಎಷ್ಟೋ?” ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಕ್ಕು ಹೊರಟುಹೋದೆ. ಸೈಕಲ್ ಮೇಲೆ ಸೀಟಿ ಕೂಡ ಹೊಡೆದೆ.

ಆದಿತ್ಯವಾರ ಬೆಳಿಗ್ಗೆ ಕ್ಲಬ್ಬು ತುಂಬಿತ್ತು. ಗೌಡರು ಬಬಲೇಶ್ವರದಿಂದ ಜೀಪಿನ ತುಂಬ ಜನ ತಂದಿದ್ದರು. ದಸ್ತಗೀರನೇ ಆಡುವುದರಿಂದ ಹಲಗೆಯ ಮುಳ್ಳು ಸರಿಸಲು ಯಾರೂ ಇರಲಿಲ್ಲ. ಆಡದವರು ಯಾರೋ ಒಬ್ಬರು ಸರಿಸಬೇಕು ಎಂದಾಯಿತು. ಮೊದಲು ನನ್ನ ಆಟ. ದಸ್ತಗೀರ ನನಗೆ ನಲವತ್ತರಿಂದ ಸೋತ. ನಲವತ್ತೊಂದಲ್ಲ, ಮೂವತ್ತೊಂಬತ್ತಲ್ಲ. ಜನ ಚಪ್ಪಾಳೆ ಹೊಡೆದರು, ನಾನು ಎದೆ ಉಬ್ಬಿಸಿಕೊಂಡು ಕೈಮುಗಿದೆ. ಕೈಮುಗಿಯುವಾಗ ನಿಜವಾಗಿ ನಾನೇ ಆಡಿ ಗೆದ್ದೆ ಅಂತಲೇ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ವಕೀಲರು ಬಂದರು. ಹಲಗೆಯ ಹತ್ತಿರ ನಾನು ನಿಂತೆ. ವಕೀಲರು ಪ್ರದಕ್ಷಿಣೆ ಹಾಕಿದರು, “ನೋಡ್ರಿ ಈಗ” ಅಂದರು, ಒಂದು ಕೆಂಪನ್ನು ಕೆಡವಿ ಬಣ್ಣದ್ದನ್ನು ತಪ್ಪಿದರು. ಒಂದು ಅಂಕ. ದಸ್ತಗೀರ ಕೋಲು ತೆಗೆದುಕೊಂಡ. ಟೇಬಲ್ಲನ್ನು ಒಂದು ಸಲ ನೋಡಿದ. ಆ ನೋಟ ನನಗೆ ಗೊತ್ತಿತ್ತು, ಮಧ್ಯಾಹ್ನದ ನೋಟ ಅದು. ಕೆಂಪು ಹೋಯಿತು, ಕರಿಯದು ಹೋಯಿತು. “ಎಂಟು” ಅಂದ. ಮೂವತ್ತು ವರ್ಷ ಬೇರೆಯವರ ಅಂಕ ಕೂಗಿದ ಬಾಯಿ, ಈಗ ರೂಢಿಯ ಮೇಲೆ ತನ್ನದನ್ನೇ ಕೂಗತೊಡಗಿತು. ಕೆಂಪು, ಕರಿಯದು. “ಹದಿನಾರು.” ಕೆಂಪು, ಕರಿಯದು. “ಇಪ್ಪತ್ನಾಕು.” ಅವಸರವಿಲ್ಲ, ಆಡಂಬರವಿಲ್ಲ, ಮನೆಯ ಅಂಗಳ ಗುಡಿಸುವವರ ಹಾಗೆ ಒಂದು ಕಡೆಯಿಂದ ಬಂದ. ನಾನು ಮುಳ್ಳು ಸರಿಸುವುದನ್ನೇ ಮರೆತೆ. ವಕೀಲರು ಮೊದಲು ನಗುತ್ತಿದ್ದರು, ಆಮೇಲೆ ಕನ್ನಡಕ ಇಳಿಸಿದರು, ಆಮೇಲೆ ಕುರ್ಚಿಯಲ್ಲಿ ಕೂತರು. “ಎಪ್ಪತ್ತೆರಡು” ಅಂದಾಗ, ಉಳಿದ ಚೆಂಡುಗಳನ್ನೆಲ್ಲ ಕೆಡವಿದರೂ ವಕೀಲರು ಗೆಲ್ಲುವ ಹಾಗಿರಲಿಲ್ಲ. ಆಮೇಲೆ ಒಂದು ಕೆಂಪು ತಪ್ಪಿತು. ಅದು ನಿಜವಾಗಿ ತಪ್ಪಿದ್ದು. ಅವನು ನಾಲಿಗೆ ಕಚ್ಚಿಕೊಂಡದ್ದನ್ನು ನಾನು ನೋಡಿದೆ. ಇಷ್ಟು ವರ್ಷದಲ್ಲಿ ಅವನು ತಪ್ಪಿ ಬೇಜಾರು ಮಾಡಿಕೊಂಡದ್ದು ಅದೇ ಮೊದಲು. ಗೌಡರು ಮಾತ್ರ ಎದ್ದು ನಿಂತು ಚಪ್ಪಾಳೆ ಹೊಡೆದರು. “ಭಲೇ ದಸ್ತಗೀರಾ! ಇಷ್ಟ ದಿನಾ ಎಲ್ಲಿ ಇಟ್ಟಿದ್ದಿಲೇ ಇದನ್ನ?” ಅಂದರು. ಉಳಿದವರು ವಕೀಲರ ಮುಖ ನೋಡಿ ಕೈ ತೊಡೆಯ ಮೇಲೇ ಇಟ್ಟುಕೊಂಡರು.

ಮರುದಿನ ಕಮಿಟಿ ಕೂಡಿತು. ವಕೀಲರ ಮಾತು ಸರಳವಾಗಿತ್ತು: ಜೂನಿಯರನಿಗೆ ನಲವತ್ತರಿಂದ ಸೋತವನು ತಮ್ಮನ್ನು ಹೀಗೆ ಸೋಲಿಸುತ್ತಾನೆ ಅಂದರೆ ಅದರಲ್ಲಿ ಒಳಸಂಚಿದೆ, ಮಾರ್ಕರು ಏನೋ ತಿಂದಿದ್ದಾನೆ. ದಸ್ತಗೀರ ಬಿಳಿ ಕೋಟು ಹಾಕಿಕೊಂಡು ಗೋಡೆಗೆ ನಿಂತಿದ್ದ. ಗೌಡರು ನನ್ನ ಕಡೆ ತಿರುಗಿ ನೇರವಾಗಿ ಕೇಳಿದರು: “ತಮ್ಮಾ, ಖರೇ ಹೇಳು. ನೀ ಇವಗ ಏನರ ಹೇಳಿದ್ದೇನು? ಬ್ಯಾರೆ ಯಾರರ ಹೇಳ್ಯಾರೇನು?”

ಹೇಳುವುದಕ್ಕೆ ಎರಡೇ ಮಾತಿದ್ದವು. ಒಂದು, ಹೌದು, ನಾನು ನಲವತ್ತು ಕೇಳಿದ್ದೆ. ಎರಡು, ವಕೀಲರು ಮೂವತ್ತು ಕೇಳಿದ್ದರು, ಕೇಳಲು ಹೋದವನು ನಾನೇ. ಅಷ್ಟು ಹೇಳಿದ್ದರೆ ದಸ್ತಗೀರನ ಮೇಲಿನ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಗೌಡರು ಇದ್ದರು, ಬಿಡುತ್ತಿರಲಿಲ್ಲ. ವಕೀಲರು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ನನ್ನನ್ನು ನೋಡಲೂ ಇಲ್ಲ. ನನಗೆ ನನ್ನ ಕರಿ ಕೋಟು ನೆನಪಾಯಿತು, ಅವರ ಆಫೀಸಿನ ಮೂಲೆಯ ನನ್ನ ಕುರ್ಚಿ ನೆನಪಾಯಿತು, ಘೋಣಸಗಿಗೆ ಮರಳಿ ಹೋಗಿ ಅಣ್ಣನ ಮುಂದೆ ನಿಲ್ಲುವುದು ನೆನಪಾಯಿತು. “ಇಲ್ರಿ. ನನಗೇನೂ ಗೊತ್ತಿಲ್ರಿ” ಅಂದೆ. ದನಿ ನಡುಗಲೂ ಇಲ್ಲ. ಅಂದಿನಿಂದ ನಾನು ಒಳ್ಳೆಯ ವಕೀಲನಾದೆ ಅಂತ ಕಾಣುತ್ತದೆ.

ಗೌಡರು ದಸ್ತಗೀರನನ್ನು ಕೇಳಿದರು. ಅವನು ನನ್ನನ್ನು ಒಂದು ಗಳಿಗೆ ನೋಡಿದ. ಇದ್ದದ್ದು ಹೇಳಿದ್ದರೆ ವಕೀಲರೂ ನಾನೂ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು. “ಯಾರೂ ಏನೂ ಹೇಳಿಲ್ರಿ ಗೌಡ್ರ. ನನಗ ಒಂದ ಸಲ ಆಡಬೇಕ ಅನಿಸ್ತು. ಆಡಿನ್ರಿ” ಅಂದ. ನಡಾವಳಿ ಪುಸ್ತಕದಲ್ಲಿ ನನ್ನ ಕೈಯಿಂದಲೇ ಬರೆಸಿದರು: ಸದಸ್ಯರೊಬ್ಬರನ್ನು ಅನುಚಿತವಾಗಿ ಸೋಲಿಸಿದ್ದಕ್ಕಾಗಿ ಮಾರ್ಕರನನ್ನು ಕೆಲಸದಿಂದ ತೆಗೆಯಲಾಗಿದೆ. ಅಕ್ಷರ ಚೆನ್ನಾಗಿವೆ ಎಂದು ಯಾರೋ ಹೊಗಳಿದರು. ಊರಲ್ಲಿ ಮಾತ್ರ ‘ದಸ್ತಗೀರ ರೊಕ್ಕಾ ತಿಂದು ಆಡಿದ’ ಎಂದೇ ಸುದ್ದಿ ಹಬ್ಬಿತು. ಕೋಲು ಬಿಟ್ಟರೆ ಬೇರೇನೂ ಹಿಡಿಯದ ಮನುಷ್ಯ, ಕೆಲಸ ಕೇಳಿಕೊಂಡು ಎಲ್ಲೆಲ್ಲಿಗೆ ಹೋದನೋ ಅಲ್ಲೆಲ್ಲ ಆ ಸುದ್ದಿ ಅವನಿಗಿಂತ ಮೊದಲು ಮುಟ್ಟಿತ್ತು.

ಸೊಲ್ಲಾಪುರಕ್ಕೆ ನಾನೇ ಹೋದೆ, ಪದ್ಧತಿ ಪದ್ಧತಿಯೇ. ವಕೀಲರು ಸ್ವತಃ ಸ್ಟೇಷನ್ನಿಗೆ ಬಂದು “ಹೋಗಿ ಬಾಪಾ” ಎಂದು ಬಹಳ ಪ್ರೀತಿಯಿಂದ ಕಳಿಸಿದರು. ಅಷ್ಟು ಪ್ರೀತಿ ಯಾಕೆಂದು ಅಲ್ಲಿ ಹೋದ ಮೇಲೆ ತಿಳಿಯಿತು. ನನ್ನ ಎದುರಿಗೆ ಒಬ್ಬ ಮುದುಕ ಡಾಕ್ಟರು, ಕೈ ಸ್ವಲ್ಪ ನಡುಗುತ್ತಿತ್ತು. ಅವರು ಎಲ್ಲವನ್ನೂ ಕೆಡವಿದರು, ನಾನು ಎಲ್ಲವನ್ನೂ ತಪ್ಪಿದೆ. ಅಲ್ಲಿ ಯಾರೂ ಚೆಂಡನ್ನು ಪಾಕೆಟ್ಟಿನ ಬಾಯಲ್ಲಿ ತಂದಿಟ್ಟು ಕೊಡಲಿಲ್ಲ. ನನ್ನ ಅಂಕ ಕೂಗುವಾಗ ಅಲ್ಲಿಯ ಮಾರ್ಕರು ದನಿ ತಗ್ಗಿಸುತ್ತಿದ್ದ, ಪಾಪ, ಸಾವಿನ ಮನೆಯಲ್ಲಿ ಮಾತಾಡಿದ ಹಾಗೆ. ಊರಿಗೆ ಬಂದು “ಸ್ವಲ್ಪದರಾಗ ತಪ್ಪಿತು” ಅಂದೆ. ಎಲ್ಲರೂ ನಂಬಿದರು. ಕ್ಲಬ್ಬಿನ ಗೋಡೆಯ ಮರದ ಹಲಗೆಯಲ್ಲಿ ಆ ವರ್ಷದ ಚಾಂಪಿಯನ್ ಎಂದು ಬಂಗಾರದ ಬಣ್ಣದಲ್ಲಿ ನನ್ನ ಹೆಸರು ಬಂತು.

ಎರಡು ವರ್ಷದ ಮೇಲೆ ಇಬ್ರಾಹಿಂಪುರದ ಕಡೆ ಒಬ್ಬ ಕಕ್ಷಿದಾರನನ್ನು ನೋಡಲು ಹೋಗಿದ್ದೆ. ಹಳಿಯ ಹತ್ತಿರ ಒಂದು ಸಣ್ಣ ಸೈಕಲ್ ರಿಪೇರಿ ಅಂಗಡಿ, ಎದುರಿಗೆ ಡ್ರಮ್ಮಿನ ಮೇಲೆ ಕೇರಂ ಬೋರ್ಡು. ಡ್ರಮ್ಮಿನ ಹಿಂದೆ ದಸ್ತಗೀರ ಕೂತಿದ್ದ. ಗಡ್ಡಕ್ಕೆ ಮೆಹಂದಿ ಇರಲಿಲ್ಲ. ಮುಖ ತಪ್ಪಿಸಿ ಹೋಗಿಬಿಡಬೇಕೆಂದೆ, ಅಷ್ಟರಲ್ಲಿ ಅವನೇ ಎದ್ದ. “ಬರ್ರಿ ಸಾಹೇಬ್ರ, ಕುಂಡ್ರಿ” ಅಂದ. ಮಧ್ಯಾಹ್ನ ಎರಡೂವರೆ, ಸುತ್ತ ಯಾರೂ ಇಲ್ಲ. ಆದರೂ ಸಾಹೇಬ್ರ ಅಂದ. ನಾನು ಕೂತೆ. ಕೇರಂ ಬಿಲ್ಲೆಗಳನ್ನು ಜೋಡಿಸಿದೆ. ಅವನು ಸ್ಟ್ರೈಕರ್ ತಳ್ಳಿದ.

ಆಡುತ್ತ ಆಡುತ್ತ ನನಗೆ ಗೊತ್ತಾಯಿತು. ಅವನು ತಪ್ಪಿದ ಬಿಲ್ಲೆಗಳೆಲ್ಲ ಮೂಲೆಯ ತೂತಿನ ಬಾಯಲ್ಲೇ ಬಂದು ಕೂಡುತ್ತಿದ್ದವು. “ಚಾಚಾ, ಬ್ಯಾಡ. ಹಿಂಗ ಆಡಬ್ಯಾಡ. ಬೈ ನನಗ. ಅವತ್ತು ನಾ...” ಅಂದೆ. ಅವನು ಸ್ಟ್ರೈಕರನ್ನು ನನ್ನ ಕಡೆ ಮೆಲ್ಲಗೆ ಸರಿಸಿದ. “ನಿಮ್ಮ ಆಟ ಬಂತ್ರಿ ಸಾಹೇಬ್ರ” ಅಂದ. ಕೊನೆಯ ಬಿಲ್ಲೆಯನ್ನೂ ನನಗೇ ಬಿಟ್ಟುಕೊಟ್ಟು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಒಂದು ಅಂಕದಿಂದ ಸೋತ. “ಸಾಹೇಬ್ರ ಕೈ ಛಲೋ ಐತ್ರಿ” ಎಂದು ಕೈಮುಗಿದ. ನನ್ನ ಕೆನ್ನೆಗೆ ಬಾರಿಸಿದ್ದರೆ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಸೈಕಲ್ ತಳ್ಳಿಕೊಂಡು ಬರುವಾಗ ಬಿಸಿಲಲ್ಲಿ ಅತ್ತೆ, ಬೆವರು ಎಂದುಕೊಂಡು ಜನ ಸುಮ್ಮನಿದ್ದರು. ಅತ್ತದ್ದೇನೋ ಖರೆ. ಆದರೆ ಆಮೇಲೆ ಆ ದಾರಿಗೆ ಹೋಗುವುದನ್ನೇ ಬಿಟ್ಟೆ. ಸ್ಟೇಷನ್ನಿಗೆ ಹೋಗಬೇಕಾದರೂ ಸುತ್ತು ಹಾಕುತ್ತಿದ್ದೆ.

ಇನಾಮದಾರ ವಕೀಲರು ತೀರಿಕೊಂಡರು, ಅವರ ಆಫೀಸು ನನ್ನದಾಯಿತು, ಸೆಕ್ರೆಟರಿಯ ಕುರ್ಚಿಯೂ ಬಂತು. ನಾನು ಟೇಬಲ್ಲಿಗೆ ಪ್ರದಕ್ಷಿಣೆ ಹಾಕುವುದನ್ನೂ ಕಲಿತೆ. ಈಗ ಕ್ಲಬ್ಬಿನಲ್ಲಿ ಹೊಸ ಟೇಬಲ್ಲುಗಳಿವೆ, ಕಲಿಸುವವರು ಬರುತ್ತಾರೆ, ಹೆಣ್ಣುಮಕ್ಕಳೂ ಆಡುತ್ತಾರೆ. ಕಳೆದ ಆದಿತ್ಯವಾರ ಹಿರಿಯ ಆಟಗಾರ ಎಂದು ನನಗೆ ಸನ್ಮಾನ ಇಟ್ಟಿದ್ದರು. ಶಾಲು, ಪೇಟ, ಹಣ್ಣಿನ ಬುಟ್ಟಿ. ಎರಡು ಮಾತು ಆಡಿ ಎಂದು ಮೈಕು ಕೈಗೆ ಕೊಟ್ಟರು. ಮೊಮ್ಮಗನ ಮೊಬೈಲಿನ ಆ ‘ಟಕ್’ ಸದ್ದು ಇನ್ನೂ ಕಿವಿಯಲ್ಲಿತ್ತೋ ಏನೋ, ನಿಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿಬಿಟ್ಟೆ. ಮೂವತ್ತು, ನಲವತ್ತು, ಕಮಿಟಿ, ನನ್ನ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಆಮೇಲೆ ಈಗಿನ ಸೆಕ್ರೆಟರಿ ಮೈಕು ಹಿಡಿದು “ಎಂಥಾ ದೊಡ್ಡ ಮನಸ್ಸು ನೋಡ್ರಿ ನಮ್ಮ ಹಿರಿಯರದು!” ಅಂದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ತಟ್ಟಿದರು, ತಟ್ಟಿದರು, ಕೈ ನೋಯುವ ತನಕ ತಟ್ಟಿದರು. ನಾನು ಮಾಡಿದ ಪಾಪಕ್ಕೆ ಅಷ್ಟು ದೊಡ್ಡ ಚಪ್ಪಾಳೆ!

ಸಭೆ ಮುಗಿದು ಎಲ್ಲರೂ ಉಪ್ಪಿಟ್ಟಿನ ಕಡೆ ಹೋದಾಗ ಒಬ್ಬ ಹುಡುಗಿ ಹತ್ತಿರ ಬಂದಳು. ಟಿಕೋಟಾದ ಕಡೆಯವಳು, ಬಸ್ಸಿನಲ್ಲಿ ಬಂದು ಕಲಿಯುತ್ತಾಳೆ, ಚೆನ್ನಾಗಿ ಆಡುತ್ತಾಳಂತೆ. “ಅಜ್ಜಾರ, ಆಮ್ಯಾಲೆ ಅವರು ಏನಾದ್ರು?” ಅಂದಳು. “ಗೊತ್ತಿಲ್ಲವಾ” ಅಂದೆ. ಅವಳಿಗೆ ಅರ್ಥವಾಗಲಿಲ್ಲ. “ಇದ ಊರಾಗ ಇದ್ರಲ್ರೀ? ಇಷ್ಟು ವರ್ಷ ಕೇಳಲೇ ಇಲ್ಲೇನ್ರಿ?” ಅಂದಳು. ಅದರಲ್ಲಿ ಕೊಂಕು ಇರಲಿಲ್ಲ, ಮಗು ಕೇಳಿದಂತೆ ಕೇಳಿದಳು. ಐವತ್ತು ವರ್ಷ ವಕೀಲಿ ಮಾಡಿದ ನಾನು ಹೊದಿಸಿದ್ದ ಶಾಲು ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟೆ.

ಮರುದಿನ ಆಟೋ ಹಿಡಿದು ಇಬ್ರಾಹಿಂಪುರಕ್ಕೆ ಹೋದೆ. ಸೈಕಲ್ ಅಂಗಡಿಯ ಜಾಗದಲ್ಲಿ ಮೂರು ಮಹಡಿಯ ಮನೆ ಎದ್ದಿತ್ತು. ಮೂರು ಕಡೆ ಕೇಳಿದೆ, ಗೊತ್ತಿಲ್ಲ ಅಂದರು. ನಾಲ್ಕನೆಯ ಬಾಗಿಲು ತೆರೆದವಳು ಅರವತ್ತು ದಾಟಿದ ಹೆಣ್ಣುಮಗಳು, ಕೈಗೆ ಹಿಟ್ಟು ಹತ್ತಿತ್ತು. “ದಸ್ತಗೀರ ಅಂದ್ರ ನಮ್ಮ ಅಬ್ಬಾರೀ. ಹೋಗಿ ಭಾಳ ವರ್ಷ ಆತ್ರಿ” ಅಂದಳು. ಸೆರಗು ಸರಿಮಾಡಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ತಾವು ಯಾರ್ರಿ?” ಅಂದಳು. ವಕೀಲ, ಮಾಜಿ ಸೆಕ್ರೆಟರಿ, ಹಿರಿಯ ಆಟಗಾರ, ಯಾವುದೂ ಬಾಯಿಗೆ ಬರಲಿಲ್ಲ.

“ಅವರ ಕೆಲಸಾ ಕಳದಾವ ನಾನ ರೀ ಯವ್ವಾ” ಅಂದೆ.